ರಾಜಧಾನಿ ಬಿಡಿ, ಗಡಿ ಹಿಡಿಯಿರಿ: ಐದು ದೇಶಗಳ ಅಧ್ಯಯನ ಪ್ರವಾಸ

ಪ್ರಶ್ನೆ: ನಾನು ಪದವಿ ತರಗತಿಗಳಿಗೆ ರಾಜ್ಯಶಾಸ್ತ್ರ ಕಲಿಸುತ್ತೇನೆ. 26 ವಿದ್ಯಾರ್ಥಿಗಳು, ಮೂವರು ಅಧ್ಯಾಪಕರು ಸೇರಿ ಹತ್ತು ದಿನ ಯುರೋಪಿಗೆ ಅಧ್ಯಯನ ಪ್ರವಾಸ ಹೋಗಬೇಕೆಂದಿದ್ದೇವೆ. ಫ್ರಾನ್ಸ್, ಬೆಲ್ಜಿಯಂ, ನೆದರ್‌ಲ್ಯಾಂಡ್ಸ್, ಜರ್ಮನಿ, ಲಕ್ಸೆಂಬರ್ಗ್ ಅಕ್ಕಪಕ್ಕದಲ್ಲೇ ಇವೆ. ಟ್ರಾವೆಲ್ಸ್‌ನವರು ಕೊಟ್ಟ ಪಟ್ಟಿ ಹೀಗಿದೆ: ಪ್ಯಾರಿಸ್ 2 ರಾತ್ರಿ, ಬ್ರಸೆಲ್ಸ್ 2, ಆಮ್‌ಸ್ಟರ್‌ಡ್ಯಾಮ್ 2, ಕೊಲೋನ್ 1, ಲಕ್ಸೆಂಬರ್ಗ್ 2. ಇದು ಬರೀ ಪಿಕ್ನಿಕ್ ಆಗಬಾರದು ಅನ್ನುವುದು ನನ್ನ ಆಸೆ. ಏನು ಮಾಡಬೇಕು? ವೀಸಾಕ್ಕೆ ಯಾವ ದೇಶಕ್ಕೆ ಅರ್ಜಿ ಹಾಕಬೇಕು? ಐದು ದೇಶಕ್ಕೆ ಐದು ಸಲ ಪ್ರವೇಶವಿರುವ ವೀಸಾ ಬೇಕಾಗುತ್ತದಾ?

ಉತ್ತರ: ನಿಮ್ಮ ಪಟ್ಟಿಯ ಐದು ಹೆಸರುಗಳನ್ನು ಇನ್ನೊಮ್ಮೆ ಓದಿ. 1985ರ ಜೂನ್ 14ರಂದು ಷೆಂಗೆನ್ ಒಪ್ಪಂದಕ್ಕೆ ಸಹಿ ಹಾಕಿದ್ದು ಇದೇ ಐದು ದೇಶಗಳು. ಆಗಿನ ಜರ್ಮನಿ ಎಂದರೆ ಪಶ್ಚಿಮ ಜರ್ಮನಿ, ಅಷ್ಟೇ ವ್ಯತ್ಯಾಸ. ನಮ್ಮ ನಮ್ಮ ನಡುವಿನ ಗಡಿಯಲ್ಲಿ ತಪಾಸಣೆ ಬೇಡ ಎಂದು ಅದರಲ್ಲಿ ಒಪ್ಪಿದವರು ಇವರು. ಅದಕ್ಕೆ ನಲವತ್ತು ವರ್ಷ ಹಿಂದೆ ಇದೇ ಗಡಿಗಳ ಮೇಲೆ ಟ್ಯಾಂಕುಗಳು ಹರಿದಿದ್ದವು. ಅಷ್ಟು ಕಾದಾಡಿದವರು ಗಡಿಯ ಗೇಟು ತೆಗೆದದ್ದು ಹೇಗೆ? ರಾಜ್ಯಶಾಸ್ತ್ರ ಓದುವ ಮಕ್ಕಳಿಗೆ ಈ ಒಂದು ಪ್ರಶ್ನೆ ಕೊಟ್ಟರೆ ಹತ್ತು ದಿನ ಸಾಲುವುದಿಲ್ಲ.

ಟ್ರಾವೆಲ್ಸ್‌ನವರ ಪಟ್ಟಿಯಲ್ಲಿ ಈ ಪ್ರಶ್ನೆಗೆ ಜಾಗವೇ ಇಲ್ಲ. ಒಂದು ದೊಡ್ಡ ಊರು, ಹೆದ್ದಾರಿ, ಇನ್ನೊಂದು ದೊಡ್ಡ ಊರು. ಗಡಿ ಬರುವ ಹೊತ್ತಿಗೆ ಮಕ್ಕಳು ಬಸ್ಸಿನಲ್ಲಿ ನಿದ್ದೆ ಮಾಡುತ್ತಿರುತ್ತಾರೆ. ರಾಜಧಾನಿಯಲ್ಲಿ ಒಂದು ದೇಶ ತನ್ನ ಬಗ್ಗೆ ತಾನು ಹೇಳಿಕೊಳ್ಳುತ್ತದೆ. ಪಕ್ಕದವರ ಜೊತೆ ಅದು ಹೇಗೆ ಬಾಳುತ್ತಿದೆ ಅನ್ನುವುದು ಗೊತ್ತಾಗುವುದು ಗಡಿಯ ಸಣ್ಣ ಊರುಗಳಲ್ಲಿ. ಹಾಗಾಗಿ ನನ್ನ ಸಲಹೆ ನೇರವಾಗಿದೆ. ದೇಶಗಳು ಐದೂ ಇರಲಿ, ಊರುಗಳನ್ನು ಪೂರ್ತಿ ಬದಲಾಯಿಸಿ. ಉಳಿದುಕೊಳ್ಳುವ ಜಾಗ ಮೂರೇ ಇರಲಿ: ಫ್ರಾನ್ಸಿನ ಸ್ಟ್ರಾಸ್‌ಬರ್ಗ್ 2 ರಾತ್ರಿ, ಜರ್ಮನಿಯ ಟ್ರಿಯರ್ 4, ಜರ್ಮನಿಯದೇ ಆಖೆನ್ 3. ಫ್ರಾಂಕ್‌ಫರ್ಟ್‌ನಲ್ಲಿ ಇಳಿದು ಅಲ್ಲಿಂದ ಶುರು ಮಾಡಿ. ಒಂದೇ ಸಲಕ್ಕೆ ಮೂರು ಗಂಟೆಗಿಂತ ಜಾಸ್ತಿ ಬಸ್ಸಿನಲ್ಲಿ ಕೂರುವ ದಿನವೇ ಇರುವುದಿಲ್ಲ. ಐದು ಸಲ ಲಗೇಜು ಕಟ್ಟಿ ಬಿಚ್ಚುವ ಬದಲು ಮೂರು ಸಲ. 29 ಜನರ ಗುಂಪಿನಲ್ಲಿ ಒಂದು ಹೋಟೆಲ್ ಬದಲಾಯಿಸಿದರೆ ಅರ್ಧ ದಿನ ಹೋದಂತೆಯೇ.

ಸ್ಟ್ರಾಸ್‌ಬರ್ಗ್‌ನಿಂದ ಯಾಕೆ ಶುರು ಮಾಡಬೇಕು ಅಂತ ಹೇಳುತ್ತೇನೆ. ಈ ಊರು 1871ರಲ್ಲಿ ಜರ್ಮನಿಗೆ ಸೇರಿತು. 1918ರಲ್ಲಿ ಫ್ರಾನ್ಸಿಗೆ ಬಂತು. 1940ರಲ್ಲಿ ಮತ್ತೆ ಜರ್ಮನಿಯ ಕೈಗೆ ಹೋಯಿತು. 1944ರಲ್ಲಿ ಮತ್ತೆ ಫ್ರಾನ್ಸಿಗೆ ಬಂತು. 1865ರಲ್ಲಿ ಇಲ್ಲಿ ಹುಟ್ಟಿ ಎಂಬತ್ತು ವರ್ಷ ಬದುಕಿದ ಒಬ್ಬ ಅಜ್ಜಿ, ಮನೆ ಬಿಟ್ಟು ಕದಲದೆಯೇ, ನಾಲ್ಕು ಸಲ ದೇಶ ಬದಲಾದದ್ದನ್ನು ಕಂಡಿರುತ್ತಾಳೆ. ಊರಿನ ರಿಪಬ್ಲಿಕ್ ಚೌಕದಲ್ಲಿ 1936ರಲ್ಲಿ ನಿಲ್ಲಿಸಿದ ಯುದ್ಧ ಸ್ಮಾರಕ ಇದೆ. ಒಬ್ಬ ತಾಯಿ, ಅವಳ ಮಡಿಲಲ್ಲಿ ಸಾಯುತ್ತಿರುವ ಇಬ್ಬರು ಗಂಡುಮಕ್ಕಳು. ಒಬ್ಬ ಜರ್ಮನಿಗಾಗಿ ಸತ್ತವನು, ಇನ್ನೊಬ್ಬ ಫ್ರಾನ್ಸಿಗಾಗಿ. ಇಬ್ಬರ ಮೈಮೇಲೂ ಸಮವಸ್ತ್ರ ಇಲ್ಲ. ಫ್ರಾನ್ಸಿನ ಬೇರೆ ಊರುಗಳ ಸ್ಮಾರಕಗಳಲ್ಲಿ ಸಾಮಾನ್ಯವಾಗಿ ‘ಫ್ರಾನ್ಸಿಗಾಗಿ ಮಡಿದವರು’ ಎಂದು ಬರೆದಿರುತ್ತದೆ. ಇಲ್ಲಿ ‘ನಮ್ಮ ಸತ್ತವರಿಗೆ’ ಎಂದಷ್ಟೇ ಇದೆ. ಯಾವ ದೇಶಕ್ಕಾಗಿ ಅನ್ನುವುದನ್ನು ಬರೆಯಲು ಆಗಲೇ ಇಲ್ಲ. ನಾನು ಗುಂಪುಗಳನ್ನು ಕರೆದುಕೊಂಡು ಹೋದಾಗ ಇಲ್ಲಿ ಏನೂ ವಿವರಿಸುವುದಿಲ್ಲ. ಸುಮ್ನೆ ಹತ್ತು ನಿಮಿಷ ನೋಡಲು ಬಿಡುತ್ತೇನೆ. ಸಮವಸ್ತ್ರ ಎಲ್ಲಿ ಅಂತ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. ಪಾಠ ಅಲ್ಲಿಂದ ತಾನಾಗಿಯೇ ಶುರುವಾಗುತ್ತದೆ.

ಮಧ್ಯಾಹ್ನ ಟ್ರ್ಯಾಮ್ ಹತ್ತಿಸಿ. 2017ರಿಂದ ಸ್ಟ್ರಾಸ್‌ಬರ್ಗ್‌ನ ಟ್ರ್ಯಾಮ್ ರೈನ್ ನದಿ ದಾಟಿ ಜರ್ಮನಿಯ ಕೇಲ್ ಊರಿಗೆ ಹೋಗುತ್ತದೆ. ಯಾವ ನದಿಗಾಗಿ ಎರಡು ದೇಶ ಹೊಡೆದಾಡಿದವೋ ಅದನ್ನು ಈಗ ಜನ ಸಾಮಾನು ತರಲು ದಾಟುತ್ತಾರೆ. ಮಕ್ಕಳಿಗೆ ಒಂದು ಕೆಲಸ ಕೊಡಿ. ಒಂದೇ ಟೂತ್‌ಪೇಸ್ಟ್, ಒಂದೇ ಸೋಪು, ಎರಡೂ ದಡದಲ್ಲಿ ಬೆಲೆ ಬರೆದುಕೊಳ್ಳಲಿ. ಒಂದೇ ದುಡ್ಡು, ತೆರೆದ ಗಡಿ, ಆದರೂ ಬೆಲೆ ಬೇರೆ. ಯಾಕೆ? ತೆರಿಗೆ ಇನ್ನೂ ಆಯಾ ದೇಶದ ಕೈಯಲ್ಲೇ ಇದೆ ಅನ್ನುವ ಮಾತು ಪುಸ್ತಕಕ್ಕಿಂತ ಬೇಗ ತಲೆಗೆ ಹತ್ತುತ್ತದೆ.

ಯುರೋಪಿಯನ್ ಪಾರ್ಲಿಮೆಂಟ್ ನೋಡಬೇಕೆಂದಿದ್ದರೆ ತಿಂಗಳುಗಟ್ಟಲೆ ಮೊದಲೇ ಗುಂಪಿನ ಹೆಸರಲ್ಲಿ ಬುಕ್ ಮಾಡಿ. ಅಧಿವೇಶನ ವರ್ಷಕ್ಕೆ 12 ಸಲ ಮಾತ್ರ ಇಲ್ಲಿ ನಡೆಯುತ್ತದೆ. ಬೇರೆ ದಿನ ಹೋದರೆ ನೋಡುವುದು ಖಾಲಿ ಕುರ್ಚಿಗಳನ್ನೇ. ಪಕ್ಕದಲ್ಲೇ ಇರುವ ಯುರೋಪ್ ಕೌನ್ಸಿಲ್ ಬೇರೆ ಸಂಸ್ಥೆ. 1949ರಲ್ಲಿ ಶುರುವಾದದ್ದು, ಈಗ 46 ದೇಶಗಳಿವೆ. ಅದು ಯುರೋಪಿಯನ್ ಯೂನಿಯನ್ನಿನ ಭಾಗ ಅಲ್ಲ. ಇದನ್ನು ಹೊರಡುವ ಮುಂಚೆಯೇ ಹೇಳಿಬಿಡಿ, ಅಲ್ಲಿ ಹೋಗಿ ಗೊಂದಲ ಬೇಡ.

ಸ್ಟ್ರಾಸ್‌ಬರ್ಗ್‌ನಿಂದ ಟ್ರಿಯರ್‌ಗೆ ಹೋಗುವ ದಾರಿಯಲ್ಲಿ ಜರ್ಮನಿಯ ಫೋಲ್ಕ್‌ಲಿಂಗೆನ್‌ನಲ್ಲಿ ನಿಲ್ಲಿ. ಅಲ್ಲಿ ದೊಡ್ಡ ಕಬ್ಬಿಣದ ಕಾರ್ಖಾನೆ ಇದೆ. 1986ರಲ್ಲಿ ಮುಚ್ಚಿತು, 1994ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ಕುಲುಮೆಗಳ ಮೇಲೆ ಹತ್ತಿ ನಡೆಯಬಹುದು. ಪ್ರವಾಸಿಗರ ಪಟ್ಟಿಯಲ್ಲಿ ಇದು ಕಾಣುವುದು ಅಪರೂಪ. ಆದರೆ ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಜರ್ಮನಿಯ ಈ ಸಾರ್ ಸೀಮೆಯಲ್ಲಿ ಕಲ್ಲಿದ್ದಲು. ಪಕ್ಕದ ಫ್ರಾನ್ಸಿನ ಲೊರೇನ್‌ನಲ್ಲಿ ಕಬ್ಬಿಣದ ಅದಿರು. ಎರಡೂ ಸೇರಿದರೆ ಉಕ್ಕು, ಉಕ್ಕಿದ್ದರೆ ಫಿರಂಗಿ. ಎರಡೂ ಸೀಮೆ ತನಗೇ ಬೇಕು ಅಂತ ಎರಡೂ ಕಡೆಯವರು ಜಗಳಾಡಿದರು. 1950ರ ಮೇ 9ರಂದು ಫ್ರಾನ್ಸಿನ ವಿದೇಶ ಮಂತ್ರಿ ರೋಬೆರ್ ಶೂಮನ್ ಇನ್ನೊಂದು ದಾರಿ ಮುಂದಿಟ್ಟರು. ಕಲ್ಲಿದ್ದಲು, ಉಕ್ಕು ಎರಡನ್ನೂ ಎರಡು ದೇಶಕ್ಕೂ ಮೇಲಿನ ಒಂದು ಜಂಟಿ ಸಂಸ್ಥೆಯ ಕೈಗೆ ಕೊಟ್ಟುಬಿಡೋಣ ಎಂದರು. ಯುದ್ಧದ ಸಾಮಾನೇ ಜಂಟಿ ಆದ ಮೇಲೆ ಯುದ್ಧ ಮಾಡುವುದು ಹೇಗೆ? ಮರುವರ್ಷ ಆರು ದೇಶ ಒಪ್ಪಂದಕ್ಕೆ ಸಹಿ ಹಾಕಿದವು. ನಿಮ್ಮ ಐದೂ ಅದರಲ್ಲಿವೆ, ಆರನೆಯದು ಇಟಲಿ. ಇಂದಿನ ಯುರೋಪಿಯನ್ ಯೂನಿಯನ್ ಬೆಳೆದದ್ದು ಆ ಬೇರಿನಿಂದ. ತುಕ್ಕು ಹಿಡಿದ ಆ ಕುಲುಮೆಯ ಕೆಳಗೆ ನಿಂತು ಇದನ್ನು ಹೇಳಿ ನೋಡಿ. ಯುದ್ಧಕಾಲದಲ್ಲಿ ಇದೇ ಜಾಗದಲ್ಲಿ ಬೇರೆ ದೇಶದವರನ್ನು ಹಿಡಿದು ತಂದು ಬಲವಂತವಾಗಿ ದುಡಿಸಿದ್ದರು ಅನ್ನುವುದನ್ನೂ ಬಿಡಬೇಡಿ.

ಟ್ರಿಯರ್‌ನಲ್ಲಿ ನಾಲ್ಕು ರಾತ್ರಿ ಇರಿ ಎಂದೆ. ಊರು ಹಳೆಯದು, ರೋಮನ್ನರು ಕಟ್ಟಿದ ಕಲ್ಲಿನ ಹೆಬ್ಬಾಗಿಲು ಇದೆ, ಕಾರ್ಲ್ ಮಾರ್ಕ್ಸ್ ಹುಟ್ಟಿದ ಮನೆ ಇದೆ. ಅವನ್ನು ಒಂದು ಸಂಜೆ ನಡೆದೇ ನೋಡಬಹುದು. ಅಲ್ಲಿ ಉಳಿಯುವುದಕ್ಕೆ ಮುಖ್ಯ ಕಾರಣ, ಲಕ್ಸೆಂಬರ್ಗ್ ಸುಮಾರು 50 ಕಿಲೋಮೀಟರ್, ಷೆಂಗೆನ್ ಕೂಡ ಹತ್ತಿರ, ಮೊದಲ ಮಹಾಯುದ್ಧದ ರಣಭೂಮಿಯಾದ ಫ್ರಾನ್ಸಿನ ವೆರ್ಡನ್ ಒಂದು ದಿನದಲ್ಲಿ ಹೋಗಿ ಬರುವಷ್ಟು ದೂರ.

ಷೆಂಗೆನ್ ಅನ್ನುವುದು ಒಂದು ಹಳ್ಳಿಯ ಹೆಸರು ಅಂತ ಎಷ್ಟೋ ವಿದ್ಯಾರ್ಥಿಗಳಿಗೆ ಗೊತ್ತೇ ಇರುವುದಿಲ್ಲ. ಲಕ್ಸೆಂಬರ್ಗ್‌ನ ಮೂಲೆಯಲ್ಲಿ, ಮೊಸೆಲ್ ನದಿಯ ದಡದಲ್ಲಿ, ದ್ರಾಕ್ಷಿ ತೋಟಗಳ ನಡುವೆ ಇದೆ. ಒಪ್ಪಂದಕ್ಕೆ ಸಹಿ ಬಿದ್ದದ್ದು ಅಲ್ಲಿ ನಿಂತಿದ್ದ ಒಂದು ಹಡಗಿನ ಮೇಲೆ. ಸೇತುವೆ ದಾಟಿದರೆ ಜರ್ಮನಿಯ ಪೆರ್ಲ್, ಪಕ್ಕದಲ್ಲಿ ಫ್ರಾನ್ಸಿನ ಅಪಾಶ್. ಮೂರು ದೇಶವನ್ನು ಒಂದು ಗಂಟೆಯೊಳಗೆ ಕಾಲ್ನಡಿಗೆಯಲ್ಲೇ ಮುಟ್ಟಬಹುದು. ಬಸ್ಸು ನಿಲ್ಲಿಸಿ ನಡೆಸಿ. ಅಲ್ಲಿ ಇನ್ನೊಂದು ಸೊಗಸಿನ ಸಂಗತಿ ಇದೆ. ಲಕ್ಸೆಂಬರ್ಗ್, ಜರ್ಮನಿ ನಡುವೆ ಹರಿಯುವ ಕಡೆ ಮೊಸೆಲ್ ನದಿಯ ಮಧ್ಯೆ ಗಡಿರೇಖೆ ಇಲ್ಲ. ದಡದಿಂದ ದಡಕ್ಕೆ ಇಡೀ ನೀರು ಎರಡೂ ದೇಶದ್ದು. 1816ರಿಂದಲೂ ಹಾಗೇ. ಗಡಿ ಅಂದರೆ ಗೆರೆಯೇ ಆಗಬೇಕಾ ಅನ್ನುವ ಚರ್ಚೆಗೆ ಇದಕ್ಕಿಂತ ಬೇರೆ ಜಾಗ ಬೇಡ.

ಇಲ್ಲೇ ಇನ್ನೊಂದು ಮಾತನ್ನೂ ಹೇಳಲೇಬೇಕು, ಇಲ್ಲದಿದ್ದರೆ ಪಾಠ ಅರ್ಧ ಆಗುತ್ತದೆ. ತೆಗೆದ ಗೇಟು ಯಾವಾಗಲೂ ತೆರೆದೇ ಇರುತ್ತದೆ ಅಂತಿಲ್ಲ. ಫ್ರಾನ್ಸ್ 2015ರ ಭಯೋತ್ಪಾದಕ ದಾಳಿಯ ನಂತರ ಗಡಿ ತಪಾಸಣೆಯನ್ನು ಮತ್ತೆ ತಂದಿತು. 2024ರ ಸೆಪ್ಟೆಂಬರ್ 16ರಿಂದ ಜರ್ಮನಿ ತನ್ನ ಎಲ್ಲ ನೆಲದ ಗಡಿಗಳಲ್ಲೂ ಶುರು ಮಾಡಿತು. ಅದೇ ಡಿಸೆಂಬರ್‌ನಲ್ಲಿ ನೆದರ್‌ಲ್ಯಾಂಡ್ಸ್ ಕೂಡ. ನಿಮ್ಮ ಬಸ್ಸನ್ನು ಪೊಲೀಸರು ನಿಲ್ಲಿಸಬಹುದು. ನಿಲ್ಲಿಸಿದರೆ ಗಾಬರಿ ಬೇಡ, ಪಾಸ್‌ಪೋರ್ಟ್ ಕೈಯಲ್ಲಿರಲಿ. ಆ ಹತ್ತು ನಿಮಿಷವೂ ಪಾಠವೇ. ವಲಸೆಯ ಬಗ್ಗೆ, ಭಯದ ಬಗ್ಗೆ, ಚುನಾವಣೆಗಳ ಬಗ್ಗೆ ಅವತ್ತು ರಾತ್ರಿ ಮಾತಾಡಿ.

ಲಕ್ಸೆಂಬರ್ಗ್ ನಗರಕ್ಕೆ ಬೆಳಗ್ಗೆ ಬೇಗ ಹೋಗಿ, ರೈಲು ನಿಲ್ದಾಣದಲ್ಲಿ ನಿಲ್ಲಿ. ಫ್ರಾನ್ಸ್, ಜರ್ಮನಿ, ಬೆಲ್ಜಿಯಂ ಮೂರೂ ಕಡೆಯಿಂದ ರೈಲು ತುಂಬಿ ಬರುತ್ತವೆ. ದಿನಾ 2 ಲಕ್ಷಕ್ಕೂ ಹೆಚ್ಚು ಜನ ಗಡಿ ದಾಟಿ ಈ ಪುಟ್ಟ ದೇಶಕ್ಕೆ ಕೆಲಸಕ್ಕೆ ಬಂದು ಸಂಜೆ ವಾಪಸ್ ಹೋಗುತ್ತಾರೆ. ದುಡಿಯುವುದು ಒಂದು ದೇಶದಲ್ಲಿ, ಮತ ಹಾಕುವುದು ಇನ್ನೊಂದರಲ್ಲಿ. ಹಾಗಾದರೆ ಪ್ರಜೆ ಅಂದರೆ ಯಾರು? ಮೂರು ಭಾಷೆಯಲ್ಲಿ ಆಡಳಿತ ನಡೆಯುತ್ತದೆ, ಕಾನೂನು ಬರೆಯುವುದು ಫ್ರೆಂಚಿನಲ್ಲಿ. 2020ರ ಫೆಬ್ರವರಿ 29ರಿಂದ ಬಸ್ಸು, ಟ್ರ್ಯಾಮು, ರೈಲು ಎಲ್ಲ ಉಚಿತ. ರೈಲಿನ ಮೊದಲ ದರ್ಜೆಗೆ ಮಾತ್ರ ದುಡ್ಡು. ನಿಮ್ಮ 29 ಜನಕ್ಕೂ ಊರೊಳಗೆ ಓಡಾಟದ ಖರ್ಚು ಉಳಿಯಿತು.

ವೆರ್ಡನ್‌ಗೆ ಇಡೀ ದಿನ ಮೀಸಲಿಡಿ. ಅವತ್ತು ಬೇರೆ ಏನೂ ಬೇಡ. 1916ರ ಫೆಬ್ರವರಿ 21ರಿಂದ ಡಿಸೆಂಬರ್ 18ರವರೆಗೆ, ಹತ್ತು ತಿಂಗಳು ನಡೆದ ಕಾಳಗ. ಅಲ್ಲಿನ ಡುವೋಮೋಂ ಅಸ್ಥಿಮಂದಿರದಲ್ಲಿ ಸುಮಾರು 1,30,000 ಸೈನಿಕರ ಮೂಳೆಗಳಿವೆ. ಯಾರದ್ದು, ಯಾವ ದೇಶದವರದ್ದು ಅಂತ ಗುರುತು ಸಿಗದವು. ಫ್ರೆಂಚರದ್ದೂ ಜರ್ಮನರದ್ದೂ ಒಟ್ಟಿಗೇ ಇವೆ. ಕೆಳಗಿನ ಸಣ್ಣ ಕಿಟಕಿಗಳಿಂದ ಅವು ಕಾಣುತ್ತವೆ. ಪಕ್ಕದ ಫ್ಲೂರಿ ಹಳ್ಳಿ ಪೂರ್ತಿ ನೆಲಸಮ ಆಯಿತು. ಮತ್ತೆ ಕಟ್ಟಲೇ ಇಲ್ಲ. ಒಬ್ಬ ನಿವಾಸಿಯೂ ಇಲ್ಲದ ಆ ಹಳ್ಳಿಗೆ ಇವತ್ತಿಗೂ ಒಬ್ಬ ಮೇಯರ್ ಇದ್ದಾರೆ. ಬೀದಿ ಇದ್ದ ಕಡೆ ಕಲ್ಲು ನೆಟ್ಟಿದ್ದಾರೆ, ಇಲ್ಲಿ ಬೇಕರಿ ಇತ್ತು, ಇಲ್ಲಿ ಶಾಲೆ ಇತ್ತು ಅಂತ. 1984ರ ಸೆಪ್ಟೆಂಬರ್ 22ರಂದು ಡುವೋಮೋಂನಲ್ಲಿ ಫ್ರಾನ್ಸಿನ ಅಧ್ಯಕ್ಷ ಮಿತ್ತರಾಂ, ಜರ್ಮನಿಯ ಚಾನ್ಸೆಲರ್ ಕೋಲ್ ಕೈ ಕೈ ಹಿಡಿದು ನಿಂತರು. ಷೆಂಗೆನ್ ಸಹಿಗೆ ಆಗ ಒಂಬತ್ತು ತಿಂಗಳೂ ಬಾಕಿ ಇರಲಿಲ್ಲ. ಷೆಂಗೆನ್ ನೋಡಿದ ಮರುದಿನವೇ ವೆರ್ಡನ್‌ಗೆ ಹೋಗಿ, ಆಗ ಈ ಎರಡನ್ನು ಮಕ್ಕಳೇ ಜೋಡಿಸುತ್ತಾರೆ. ವಾಪಸ್ ಬರುವಾಗ ಬಸ್ಸಿನಲ್ಲಿ ಹಾಡು ಹಾಕಬೇಡಿ ಅಂತ ಚಾಲಕರಿಗೆ ಮೊದಲೇ ಹೇಳಿಡಿ. ಮಕ್ಕಳಿಗೆ ಆ ಮೌನ ಬೇಕಾಗುತ್ತದೆ.

ಆಖೆನ್‌ನಿಂದ ಕೊನೆಯ ಮೂರು ದಿನ ಸ್ವಲ್ಪ ಹಗುರ ಇರಲಿ. ಊರ ಹೊರಗಿನ ಫಾಲ್ಸರ್‌ಬರ್ಗ್ ಗುಡ್ಡದ ಮೇಲೆ ಜರ್ಮನಿ, ಬೆಲ್ಜಿಯಂ, ನೆದರ್‌ಲ್ಯಾಂಡ್ಸ್ ಒಂದೇ ಕಲ್ಲಿನಲ್ಲಿ ಸೇರುತ್ತವೆ. ಒಂದು ಕಾಲದಲ್ಲಿ ಅಲ್ಲಿ ನಾಲ್ಕನೆಯ ತುಣುಕೂ ಇತ್ತು. ನೆಪೋಲಿಯನ್ ಸೋತ ಮೇಲೆ ಅಲ್ಲಿನ ಸತುವಿನ ಗಣಿ ಯಾರಿಗೆ ಅಂತ ಆಗಿನ ಜರ್ಮನ್ ರಾಜ್ಯ ಪ್ರಶ್ಯಕ್ಕೂ ನೆದರ್‌ಲ್ಯಾಂಡ್ಸಿಗೂ ತೀರ್ಮಾನ ಆಗಲಿಲ್ಲ. ಸರಿ, ಯಾರಿಗೂ ಬೇಡ ಅಂತ ಬಿಟ್ಟರು. 1816ರಿಂದ 1920ರವರೆಗೆ ಅದು ‘ತಟಸ್ಥ ಮೊರೆಸ್ನೆ’ ಆಗಿ ಉಳಿಯಿತು. 1908ರಲ್ಲಿ ಅಲ್ಲಿನ ಕೆಲವರು ಎಸ್ಪೆರಾಂಟೊ (ಎಲ್ಲ ದೇಶದವರಿಗೂ ಒಂದೇ ಆಗಲೆಂದು ಕಟ್ಟಿದ ಕೃತಕ ಭಾಷೆ) ಮಾತಾಡುವ ದೇಶ ಮಾಡಬೇಕು ಅಂತಲೂ ಹೊರಟಿದ್ದರು. ಈಗ ಅದು ಬೆಲ್ಜಿಯಂನ ಕೆಲ್ಮಿಸ್. ಅಲ್ಲಿನ ಜನ ಬೆಲ್ಜಿಯಂ ಪ್ರಜೆಗಳು, ಆಡಳಿತದ ಭಾಷೆ ಜರ್ಮನ್. ಇನ್ನೊಂದು ದಿನ ನೆದರ್‌ಲ್ಯಾಂಡ್ಸಿನ ಮಾಸ್ಟ್ರಿಕ್ಟ್. 1992ರ ಫೆಬ್ರವರಿ 7ರಂದು ಯುರೋಪಿಯನ್ ಯೂನಿಯನ್ನಿನ ಒಪ್ಪಂದಕ್ಕೆ ಸಹಿ ಬಿದ್ದ ಊರು.

ಬಾರ್ಲೆ ಊರನ್ನು ಮೂರನೆಯ ದಿನಕ್ಕೆ ಇಟ್ಟುಕೊಳ್ಳಿ. ನೆದರ್‌ಲ್ಯಾಂಡ್ಸಿನ ಒಳಗೆ ಬೆಲ್ಜಿಯಂನ 22 ತುಣುಕುಗಳು, ಆ ತುಣುಕುಗಳ ಒಳಗೆ ಮತ್ತೆ ನೆದರ್‌ಲ್ಯಾಂಡ್ಸಿನ ತುಣುಕುಗಳು. ಗಡಿ ಅಂಗಡಿಯ ಮಧ್ಯೆ, ಮನೆಯ ಮಧ್ಯೆ ಹಾಯುತ್ತದೆ. ಮುಂಬಾಗಿಲು ಯಾವ ದೇಶದಲ್ಲಿದೆಯೋ ಮನೆ ಆ ದೇಶದ್ದು ಅನ್ನುವುದು ಅಲ್ಲಿನ ರೂಢಿ. ಪ್ಯಾರಾಸಿಟಮಾಲ್ ಮಾತ್ರೆಯನ್ನೇ ತೆಗೆದುಕೊಳ್ಳಿ. ನೆದರ್‌ಲ್ಯಾಂಡ್ಸಿನಲ್ಲಿ ಸೂಪರ್ ಮಾರ್ಕೆಟ್‌ನಲ್ಲೇ ಸಿಗುತ್ತದೆ, ಬೆಲ್ಜಿಯಂನಲ್ಲಿ ಔಷಧದ ಅಂಗಡಿಗೇ ಹೋಗಬೇಕು. 2020ರ ಕೋವಿಡ್ ಸಮಯದಲ್ಲಿ ಅಲ್ಲಿನ ಒಂದು ಬಟ್ಟೆ ಅಂಗಡಿಯ ಬೆಲ್ಜಿಯಂ ಅರ್ಧ ಮುಚ್ಚಿತ್ತು, ನೆದರ್‌ಲ್ಯಾಂಡ್ಸ್ ಅರ್ಧ ತೆರೆದಿತ್ತು. ಗಡಿ ಕಣ್ಣಿಗೆ ಕಾಣದಿದ್ದರೂ ಕಾನೂನಿಗೆ ಕಾಣುತ್ತದೆ ಅಲ್ವಾ?

ಈಗ ವೀಸಾ. ಐದು ಸಲದ ಪ್ರವೇಶ ಬೇಡ. ಐದೂ ಷೆಂಗೆನ್ ವಲಯದ, ಅಂದರೆ ಒಂದೇ ವೀಸಾ ನಡೆಯುವ ದೇಶಗಳ ಗುಂಪಿನ, ಒಳಗೇ ಇರುವುದರಿಂದ ಒಂದು ಪ್ರವೇಶದ ವೀಸಾ ಸಾಕು. ಒಳಗಿನ ಗಡಿ ಎಷ್ಟು ಸಲ ದಾಟಿದರೂ ಲೆಕ್ಕಕ್ಕಿಲ್ಲ. ಅರ್ಜಿ ಹಾಕಬೇಕಾದದ್ದು ಮುಖ್ಯವಾಗಿ ಹೋಗುವ ದೇಶಕ್ಕೆ, ಅಂದರೆ ಜಾಸ್ತಿ ದಿನ ಉಳಿಯುವ ದೇಶಕ್ಕೆ. ದಿನಗಳು ಸಮ ಆದರೆ ಮೊದಲು ಕಾಲಿಡುವ ದೇಶಕ್ಕೆ. ಟ್ರಾವೆಲ್ಸ್‌ನವರ ಪಟ್ಟಿಯಲ್ಲಿ ನಾಲ್ಕು ದೇಶಕ್ಕೆ ಎರಡೆರಡು ರಾತ್ರಿ ಇವೆ. ಒಂದು ರಾತ್ರಿ ಆಚೀಚೆ ಆದರೂ ಅರ್ಜಿ ಹಾಕುವ ದೇಶವೇ ಬದಲಾಗಿಬಿಡುತ್ತದೆ. ನಾನು ಹೇಳಿದ ದಾರಿಯಲ್ಲಿ ಟ್ರಿಯರ್, ಆಖೆನ್ ಎರಡೂ ಜರ್ಮನಿ, 9ರಲ್ಲಿ 7 ರಾತ್ರಿ. ಯಾರಿಗೂ ಅನುಮಾನ ಬರುವುದಿಲ್ಲ. ಅರ್ಜಿಯನ್ನು ಹೊರಡುವ ಆರು ತಿಂಗಳು ಮೊದಲಿನಿಂದ ಹಾಕಬಹುದು, ಕೊನೆಯ ಪಕ್ಷ 15 ದಿನ ಮೊದಲು ಹಾಕಿರಬೇಕು. ತೀರ್ಮಾನಕ್ಕೆ 15 ದಿನ, ಕೆಲವೊಮ್ಮೆ 45 ದಿನದವರೆಗೂ ಹಿಡಿಯಬಹುದು. ಹಾಗಾಗಿ ಮೂರು ತಿಂಗಳು ಮೊದಲೇ ಹಾಕಿ. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು. ವಾಪಸ್ ಹೊರಡುವ ದಿನದ ನಂತರ ಇನ್ನೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಖಾಲಿ ಪುಟ ಇರಬೇಕು. ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ ಕಡ್ಡಾಯ.

ದುಡ್ಡಿನ ವಿಷಯದಲ್ಲಿ ತುಂಬಾ ಜನ ಕಳೆದುಕೊಳ್ಳುವ ಒಂದು ಅನುಕೂಲ ಇದೆ. ವೀಸಾ ಶುಲ್ಕ ದೊಡ್ಡವರಿಗೆ 90 ಯೂರೋ, 2024ರ ಜೂನ್‌ನಿಂದ. ಆದರೆ ಓದಿಗಾಗಿ ಅಥವಾ ಶೈಕ್ಷಣಿಕ ತರಬೇತಿಗಾಗಿ ಹೋಗುವ ವಿದ್ಯಾರ್ಥಿಗಳಿಗೆ, ಅವರ ಜೊತೆ ಹೋಗುವ ಶಿಕ್ಷಕರಿಗೆ ಈ ಶುಲ್ಕ ಇಲ್ಲ ಎಂದು ಯುರೋಪಿನ ವೀಸಾ ನಿಯಮದಲ್ಲೇ ಇದೆ. ಅರ್ಜಿ ಕೇಂದ್ರದವರ ಸೇವಾ ಶುಲ್ಕ ಬೇರೆ, ಅದನ್ನು ಕಟ್ಟಬೇಕು. ಇದಕ್ಕೆ ಕಾಲೇಜಿನ ಪತ್ರ ಬೇಕು. ಪ್ರವಾಸದ ಉದ್ದೇಶ, ಪಠ್ಯದ ಯಾವ ಭಾಗಕ್ಕೆ ಸಂಬಂಧ, ದಿನದಿನದ ವಿವರ, ಭೇಟಿ ಕೊಡುವ ಸಂಸ್ಥೆಗಳು ಬುಕಿಂಗ್ ಖಚಿತಪಡಿಸಿದ ಪತ್ರ, ಎಲ್ಲ ಇರಲಿ. ಐಫೆಲ್ ಟವರ್, ದೋಣಿ ವಿಹಾರ, ಶಾಪಿಂಗ್ ಅಂತ ತುಂಬಿದ ಪಟ್ಟಿ ಇಟ್ಟು ಅಧ್ಯಯನ ಎಂದರೆ ಅಧಿಕಾರಿ ಒಪ್ಪುವುದು ಕಷ್ಟ. ಪಟ್ಟಿ ಬದಲಾಯಿಸಿ ಎಂದು ನಾನು ಹೇಳಿದ್ದಕ್ಕೆ ಇದೂ ಒಂದು ಕಾರಣ.

ಎಲ್ಲರ ಪಾಸ್‌ಪೋರ್ಟನ್ನು ಒಂದೇ ಚೀಲದಲ್ಲಿ ಇಟ್ಟುಕೊಳ್ಳುವ ಅಭ್ಯಾಸ ತುಂಬಾ ಅಧ್ಯಾಪಕರಿಗೆ ಇದೆ. ದಯವಿಟ್ಟು ಬೇಡ. ನಾನು ಜೊತೆಗಿದ್ದ ಒಂದು ಗುಂಪಿನಲ್ಲಿ ಹಾಗೆ ಇಟ್ಟ ಚೀಲ ರೈಲು ನಿಲ್ದಾಣದಲ್ಲಿ ಕಳುವಾಯಿತು. ಮುಂದಿನ ಮೂರು ದಿನ ಪ್ರವಾಸ ಅನ್ನುವುದೇ ಇರಲಿಲ್ಲ. ಪೊಲೀಸ್ ಠಾಣೆ, ರಾಯಭಾರ ಕಚೇರಿ, ಅಳುವ ಮಕ್ಕಳು. ಅವರವರ ಪಾಸ್‌ಪೋರ್ಟ್ ಅವರವರ ಹತ್ತಿರ, ಬಟ್ಟೆಯ ಒಳಗಿನ ಚೀಲದಲ್ಲಿ ಇರಲಿ. ಪ್ರತಿಯೊಬ್ಬರದ್ದರ ಪ್ರತಿ ನಿಮ್ಮಲ್ಲಿ ಎರಡು ಕಡೆ ಇರಲಿ.

ಬಸ್ಸಿನ ಬಗ್ಗೆ ಒಂದು ನಿಯಮ ತಿಳಿದಿರಲಿ. ಯುರೋಪಿನಲ್ಲಿ ಚಾಲಕರು ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ನಿಲ್ಲಿಸಲೇಬೇಕು. ದಿನಕ್ಕೆ 9 ಗಂಟೆ ಓಡಿಸಬಹುದು, ವಾರದಲ್ಲಿ ಎರಡು ದಿನ ಮಾತ್ರ 10 ಗಂಟೆ. ರಾತ್ರಿ ಸಾಮಾನ್ಯವಾಗಿ 11 ಗಂಟೆ ವಿಶ್ರಾಂತಿ. ಎಲ್ಲವೂ ಬಸ್ಸಿನ ಯಂತ್ರದಲ್ಲಿ ದಾಖಲಾಗುತ್ತದೆ. ರಾತ್ರಿ ಹನ್ನೊಂದಕ್ಕೆ ಹೋಟೆಲ್ ಮುಟ್ಟಿದರೆ ಬೆಳಗ್ಗೆ ಎಂಟಕ್ಕೆ ಹೊರಡೋಣ ಅಂತ ಚಾಲಕರನ್ನು ಒತ್ತಾಯಿಸಬೇಡಿ. ದಂಡ ಬೀಳಬಹುದು, ಅದಕ್ಕಿಂತ ಹೆಚ್ಚಾಗಿ ನಿಮ್ಮ ಮಕ್ಕಳ ಜೀವ ಅವರ ಕೈಯಲ್ಲಿದೆ.

ಕಲಿಕೆಯ ವಿಧಾನಕ್ಕೆ ಬರುತ್ತೇನೆ. ಮುದ್ರಿಸಿದ ಪ್ರಶ್ನೆಪತ್ರಿಕೆ ಕೈಗೆ ಕೊಟ್ಟು ‘ಉತ್ತರ ತುಂಬಿ’ ಅಂದರೆ ಮಕ್ಕಳು ತಲೆ ಎತ್ತಿ ನೋಡುವುದನ್ನೇ ಬಿಡುತ್ತಾರೆ. ಅದರ ಬದಲು ಹೊರಡುವ ಎರಡು ತಿಂಗಳ ಮುಂಚೆ ಪ್ರತಿಯೊಬ್ಬರೂ ಒಂದು ಸಣ್ಣ ಪ್ರಶ್ನೆ ಆರಿಸಿಕೊಳ್ಳಲಿ. ಐದೂ ದೇಶದಲ್ಲಿ ಅದನ್ನೇ ಬೆನ್ನಟ್ಟಲಿ. ಬಸ್ ನಿಲ್ದಾಣದ ಫಲಕದಲ್ಲಿ ಎಷ್ಟು ಭಾಷೆ? ಯುದ್ಧ ಸ್ಮಾರಕದ ಮೇಲೆ ಏನು ಬರೆದಿದೆ? ಅಂಚೆ ಪೆಟ್ಟಿಗೆಯ ಬಣ್ಣ ಎಲ್ಲಿ ಬದಲಾಗುತ್ತದೆ? ಒಬ್ಬ ಹುಡುಗಿ ಪ್ರವಾಸ ಪೂರ್ತಿ ಯೂರೋ ನಾಣ್ಯಗಳ ಹಿಂಬದಿ ನೋಡುತ್ತಲೇ ಇದ್ದಳು. ನಾಣ್ಯದ ಒಂದು ಬದಿ ಎಲ್ಲ ದೇಶಕ್ಕೂ ಒಂದೇ, ಇನ್ನೊಂದು ಬದಿ ಆಯಾ ದೇಶದ ಇಷ್ಟ. ನೆದರ್‌ಲ್ಯಾಂಡ್ಸ್, ಬೆಲ್ಜಿಯಂ, ಲಕ್ಸೆಂಬರ್ಗ್ ತಮ್ಮ ಅರಸರ ಮುಖ ಹಾಕಿವೆ. ಜರ್ಮನಿ ಹದ್ದು, ಓಕ್ ಎಲೆ ಹಾಕಿದೆ. ಫ್ರಾನ್ಸಿನ ಸಣ್ಣ ನಾಣ್ಯಗಳಲ್ಲಿ ಗಣರಾಜ್ಯದ ಹೆಣ್ಣು ಮರಿಯಾನ್ ಇದ್ದಾಳೆ. ಕೇಲ್‌ನ ಚಿಲ್ಲರೆಯಲ್ಲಿ ಫ್ರಾನ್ಸಿನ ನಾಣ್ಯ ಎಷ್ಟು ಬಂದವು ಅಂತ ಅವಳು ಎಣಿಸಿದ್ದಳು. ಅವಳ ಹತ್ತು ಪುಟದ ಬರಹ ಇಡೀ ಗುಂಪಿನಲ್ಲೇ ಚೆನ್ನಾಗಿತ್ತು.

ದಿನಾ ರಾತ್ರಿ ಊಟದ ಮೇಲೆ ಅರ್ಧ ಗಂಟೆ ಎಲ್ಲರೂ ಕೂರಿ. ಅವತ್ತು ಕಂಡದ್ದರಲ್ಲಿ ಅರ್ಥವಾಗದೇ ಉಳಿದದ್ದು ಏನು ಅಂತ ಕೇಳಿ. ಅಧ್ಯಾಪಕರು ಕೊನೆಗೆ ಮಾತಾಡಲಿ. ಟ್ರಿಯರ್‌ನಲ್ಲಿ ಒಂದು ಮಧ್ಯಾಹ್ನ ಪೂರ್ತಿ ಖಾಲಿ ಬಿಡಿ, ಏನೂ ಕಾರ್ಯಕ್ರಮ ಬೇಡ. ಬರೆಯಲು, ಬಟ್ಟೆ ಒಗೆಯಲು, ಸುಮ್ನೆ ಕೂರಲು ಅವರಿಗೆ ಹೊತ್ತು ಬೇಕು. ಆಗುವುದಾದರೆ ಅಲ್ಲಿನ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಜೊತೆ ಒಂದು ಸಂಜೆ ಭೇಟಿ ಏರ್ಪಡಿಸಿ. ಭಾಷಣ ಬೇಡ, ನಾಲ್ಕು ನಾಲ್ಕು ಜನ ಕೂತು ಮಾತಾಡಿಕೊಳ್ಳಲಿ.

ಪ್ಯಾರಿಸ್ ನೋಡದೆ ಬಂದರೆ ಮಕ್ಕಳಿಗೂ ಮನೆಯವರಿಗೂ ಬೇಜಾರಾಗುತ್ತದೆ, ಅದು ನನಗೂ ಗೊತ್ತು. ಆ ಆಸೆಯಲ್ಲಿ ತಪ್ಪೇನೂ ಇಲ್ಲ. ಸ್ಟ್ರಾಸ್‌ಬರ್ಗ್‌ನಿಂದ ವೇಗದ ರೈಲಿನಲ್ಲಿ ಪ್ಯಾರಿಸ್ ಎರಡು ಗಂಟೆಯೊಳಗಿನ ದಾರಿ. ಒಂದು ದಿನ ಹೆಚ್ಚಿಗೆ ಸೇರಿಸಿ, ಬೆಳಗ್ಗೆ ಹೋಗಿ ರಾತ್ರಿ ಬನ್ನಿ. ಗುಂಪಿನ ಟಿಕೆಟ್ ಮೊದಲೇ ತೆಗೆಯಿರಿ. ದಿನ ಸೇರಿಸಲು ಆಗದಿದ್ದರೆ ಬಾರ್ಲೆ ಬಿಡಿ. ಅದೂ ಸಾಲದಿದ್ದರೆ ಮಾಸ್ಟ್ರಿಕ್ಟ್ ಬಿಡಿ. ವೆರ್ಡನ್ ಮಾತ್ರ ಬಿಡಬೇಡಿ.